ಕೆಂಪು ಅರಿವೆಯ ತೊಗಟೆ

"ಇದೇ ಮರ ಸಾಯ್ಬ್ರೆ," ಎಂದ ದೂಜ. "ಐತಣ್ಣ ಹತ್ತು ವರ್ಷದಿಂದ ಬೇರೆ ಹಾಲೆ ಮರ ಮುಟ್ಟಿದವರಲ್ಲ."

ಗದಿಗೆಪ್ಪ ಉತ್ತರ ಕೊಡೋಣವೆಂದರೆ ಕೆಮ್ಮು ಬಿಡಬೇಕಲ್ಲ. ಬೊರಿವಲಿಯ ಕಾಡಿನ ಕೆಸರಿನಲ್ಲಿ ಅವನ ಎಡಗಾಲ ಚಪ್ಪಲಿಯ ಉಂಗುಟ ಕಿತ್ತು ಅರ್ಧ ತಾಸಾಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು, ಮರಕ್ಕೆ ಬಡಿಯಲೋ ತನ್ನ ಹಣೆಗೆ ಬಡಿದುಕೊಳ್ಳಲೋ ತಿಳಿಯದೆ ನಿಂತಿದ್ದ.

ವಡಾಲದ ಪದ್ಮ ವಿಲಾಸ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ ಹುಡುಗ ಕೊರಗ, ಆಟಿ ಅಮಾವಾಸ್ಯೆಯ ಕಷಾಯ ಕುಡಿದು ಸೆಟೆದು ಸತ್ತು ಇವತ್ತಿಗೆ ನಾಲ್ಕು ದಿನ. ತೊಗಟೆ ತಂದುಕೊಟ್ಟ ಮುದುಕ ಐತ ಲಾಕಪ್ಪಿನಲ್ಲಿದ್ದ. ನಾಳೆ ಹನ್ನೊಂದಕ್ಕೆ ಅವನನ್ನು ಮತ್ತೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. "ನಾನೇ ಕೊಂದೆ" ಎಂದು ಅಲ್ಲಿ ಹೇಳಿಯೇ ಹೇಳುತ್ತೇನೆಂದು ಅವನು ಹಟ ಹಿಡಿದು ಕೂತಿದ್ದ.

ಇಂಥ ಆರೋಪಿಯನ್ನು ಗದಿಗೆಪ್ಪ ಕಂಡಿರಲಿಲ್ಲ. ಧಾರವಾಡದ ಕಡೆಯಿಂದ ಬಂದು, ಮುಂಬಯಿ ಪೊಲೀಸಿನಲ್ಲಿ ಹದಿನೆಂಟು ವರ್ಷ ಸವೆಸಿ, ಆಮೇಲೆ ಖಾಸಗಿ ಪತ್ತೇದಾರಿಕೆಗೆ ಇಳಿದವನು ಅವನು. ತಪ್ಪು ಮಾಡಿದವರೆಲ್ಲ ಮಾಡಿಲ್ಲ ಎನ್ನುವುದು ಅವನಿಗೆ ರೂಢಿ. ಮಾಡದವನು ಮಾಡಿದೆ ಎಂದು ಕೂತರೆ ಏನು ಮಾಡಬೇಕು? ಅದನ್ನು ಯಾವ ಫೌಜದಾರನೂ ಅವನಿಗೆ ಕಲಿಸಿರಲಿಲ್ಲ.

ಮರದ ಸೊಂಟಕ್ಕೆ ಬಿಳಿ ನೂಲು ಸುತ್ತಿತ್ತು. ಅಮಾವಾಸ್ಯೆಯ ಹಿಂದಿನ ಸಂಜೆ, ಬೆಳಕಿರುವಾಗಲೇ ಬಂದು ಮರ ಗುರುತಿಸಿ ನೂಲು ಕಟ್ಟಿ ಹೋಗಬೇಕು. ಮರುದಿನ ಸೂರ್ಯ ಹುಟ್ಟುವ ಮೊದಲೇ ತೊಗಟೆ ತೆಗೆಯಬೇಕು. ಬರಿಹೊಟ್ಟೆಯಲ್ಲಿ ಅದರ ರಸ ಕುಡಿದರೆ ವರ್ಷವಿಡೀ ರೋಗ ಹತ್ತಿರ ಸುಳಿಯುವುದಿಲ್ಲ ಎಂಬುದು ತುಳುನಾಡಿನವರ ನಂಬಿಕೆ. ನೂಲು ಕಟ್ಟುವುದು ಯಾಕೆಂದರೆ, ಮಬ್ಬಿನಲ್ಲಿ ಕೈತಪ್ಪಿ ಕಾಸರಕದ ಮರ ಕೆತ್ತಿದರೆ ಮದ್ದಿನ ಬದಲು ವಿಷವೇ ಹೊಟ್ಟೆಗೆ ಹೋಗುತ್ತದೆ. ಊರಲ್ಲಿ ಹಾಗೆ ಸತ್ತವರಿದ್ದಾರೆ.

ನೂಲಿನ ಕೆಳಗೆ ಅಂಗೈಯಗಲದ ಗಾಯ. ಗದಿಗೆಪ್ಪ ಉಗುರಿನಿಂದ ಚುಚ್ಚಿದ. ಬೆಳ್ಳಗೆ ಹಾಲು ಜಿನುಗಿತು. ಗಾಯದ ಅಂಚು ಮಾತ್ರ ವಿಚಿತ್ರವಾಗಿತ್ತು. ದನ ಅಗಿದುಬಿಟ್ಟ ಹಾಗೆ ನಾರು ನಾರಾಗಿತ್ತು.

"ಈ ಅಂಚು ಯಾಕ ಹಿಂಗ ಜಜ್ಜಿದಂಗ ಐತಿ?"

"ಮಳೆಗೆ ಹಾಗಾದದ್ದು," ದೂಜ ಹೇಳಿದ. "ಕತ್ತಿಯಲ್ಲಿ ಕೆತ್ತಿದ ಗಾಯ, ನಾಲ್ಕು ದಿನದ ಮಳೆ ಬಿದ್ದರೆ ಮತ್ತೆ ಹೇಗಿರ್ತದೆ?"

"ಸುತ್ತಮುತ್ತ ಕಾಸರಕ ಎಲ್ಲೈತಿ ತೋರಸ್ರಿ ಹಂಗಾದ್ರ."

"ಇದ್ದೀತು ಸಾಯ್ಬ್ರೆ. ಕಾಡಲ್ವಾ."

ಇದ್ದೀತು, ಇದ್ದೀತು ಎನ್ನುತ್ತ ಎರಡು ತಾಸು ಸುತ್ತಿಸಿದ. ಒಂದು ಕಾಸರಕವೂ ಕಣ್ಣಿಗೆ ಬೀಳಲಿಲ್ಲ. ದೂಜ ಒಳ್ಳೆಯವನೇ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಮನುಷ್ಯ, ಕೆಲಸ ಬಿಟ್ಟು ದಾರಿ ತೋರಿಸಲು ಬಂದಿದ್ದ. ಗದಿಗೆಪ್ಪನ ಕೆಮ್ಮಿಗೆಂದು ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯವನ್ನೂ ತಂದಿದ್ದ. ಆದರೆ ಕುಡಿದ ಕಷಾಯದಿಂದ ಕೆಮ್ಮು ಹೋಗಲಿಲ್ಲ, ನಡೆದ ದಾರಿಯಿಂದ ಕೇಸು ಮುಂದೆ ಹೋಗಲಿಲ್ಲ. ಮಧ್ಯಾಹ್ನದ ಊಟದ ಗದ್ದಲಕ್ಕೆ ಹೋಟೆಲಿನಲ್ಲಿ ಇರಬೇಕೆಂದು ದೂಜ ಮುಂದಿನ ಲೋಕಲ್ ಹಿಡಿದ. ಅದರದೇ ಬೇರೆ ಡಬ್ಬಿ ಹತ್ತಿದ ಗದಿಗೆಪ್ಪ ಮುಂದಿನ ಸ್ಟೇಶನ್ನು ಕಾಂದಿವಲಿಯಲ್ಲೇ ಇಳಿದ.

ಮಕ್ತುಮಸಾಬನ ಅಂಗಡಿ ಎಂದರೆ ಸ್ಟೇಶನ್ನಿನ ಹೊರಗೆ ಗೋಡೆಗೆ ಆನಿಸಿದ ಒಂದು ಕಟ್ಟಿಗೆಯ ಗೂಡು. ಬೇರು, ತೊಗಟೆ, ಒಣಗಿದ ಕಾಯಿ, ಬಾಟಲಿಯಲ್ಲಿ ಎಣ್ಣೆ. ವಿಜಾಪುರದ ಕಡೆಯ ಮನುಷ್ಯ. ಅವನಪ್ಪನೂ ಇದೇ ಕಸುಬಿನವನು. ಐತ ಬೊರಿವಲಿ ಕಾಡಿನಿಂದ ತಂದ ಸೊಪ್ಪು ಬೇರುಗಳನ್ನು ಕೊಳ್ಳುತ್ತಿದ್ದವನು ಇವನೇ.

"ಬರ್ರಿ ಗದಿಗೆಪ್ಪಣ್ಣ, ಕೂಡ್ರಿ. ಕೆಮ್ಮು ಒಣ ಕೆಮ್ಮು ಐತಲ್ಲ," ಎಂದು ಒಂದು ತುಂಡು ಜೇಷ್ಠಮಧು ಕೈಗಿಟ್ಟ.

ಮುಂಬಯಿಯಲ್ಲಿ ಕೆಮ್ಮುವವನು ದಿಕ್ಕಿಗೊಬ್ಬ ವೈದ್ಯನನ್ನು ಕಾಣುತ್ತಾನೆ. ಕೊಲೆ ಮಾಡಿದವನನ್ನು ಮಾತ್ರ ಯಾರೂ ಕಂಡಿರುವುದಿಲ್ಲ. ಗದಿಗೆಪ್ಪ ಸಿಡಿಮಿಡಿಗೊಳ್ಳುತ್ತಲೇ ಬೇರು ಬಾಯಿಗೆ ಹಾಕಿಕೊಂಡು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಹೆಬ್ಬೆರಳಿನಷ್ಟು ಉದ್ದದ ಎರಡು ತೊಗಟೆಯ ತುಂಡು. ಒಂದು, ಮೊದಲು ಎಂಟು ಜನ ಕುಡಿದೂ ಏನೂ ಆಗದ ಕಷಾಯದ್ದು. ಇನ್ನೊಂದು, ತಡವಾಗಿ ಬಂದ ಕೊರಗನಿಗೆಂದು ಬೇರೆಯಾಗಿ ಅರೆದದ್ದು. ಎರಡನ್ನೂ ಅವನು ಸಾವಿನ ದಿನವೇ ಹೋಟೆಲಿನ ಅರೆಯುವ ಕಲ್ಲಿನ ಸಂದಿನಿಂದ ಆರಿಸಿಟ್ಟುಕೊಂಡಿದ್ದ.

ಮಕ್ತುಮಸಾಬ ಎರಡನೆಯದನ್ನು ಎತ್ತಿಕೊಂಡ. ಮೂಸಿದ. ಮುರಿದು ನೋಡಿದ. ಗದಿಗೆಪ್ಪನೂ ಮುರಿದ ತುದಿಗೆ ಕೈ ಹಾಕಿದಾಗ ತಡೆದ.

"ನಾಲಿಗಿಗೆ ಹಚ್ಚಬ್ಯಾಡ್ರಿ ಮತ್ತ. ಇದು ಕುಚಲಾ. ಹೋಟೆಲಿನವ್ರು ಕಾಸರಕ ಅಂತಾರಲ್ಲ, ಅದ."

"ಅದು ಡಾಕ್ಟರೂ ಹೇಳ್ಯಾನ. ಯಾವಾಗ ಕಡದದ್ದು ಇದು? ನಾಲ್ಕು ದಿನಾ ಆಗೇತೇನು?"

"ನಾಲ್ಕು ದಿನಾ?" ಮಕ್ತುಮಸಾಬ ನಕ್ಕ. "ಆರು ತಿಂಗಳು ನೆಳ್ಳಾಗ ಒಣಗಿದ ಮಾಲು. ನೋಡ್ರಿ, ಕತ್ತಿಲೆ ಹೆಂಗ ನೆಟ್ಟಗ ಕೊಯ್ದಾರ." ಇನ್ನೂ ಏನೋ ಹೇಳಲು ಹೊರಟವನು ತುಂಡನ್ನು ಬೆಳಕಿಗೆ ಹಿಡಿದು, ತನ್ನದೇ ಕತ್ತಿಯ ಗುರುತಿನ ಮೇಲೆ ಬೆರಳಾಡಿಸಿದ. ನಗು ಹೋಯಿತು. "ಯಾ ಅಲ್ಲಾ. ಇದು ನಂದ ಮಾಲು."

"ಯಾರಿಗೆ ಕೊಟ್ಟಿ?"

"ನಮ್ಮ ಐತಣ್ಣಗ."

ಗದಿಗೆಪ್ಪನ ಬಾಯಲ್ಲಿ ಜೇಷ್ಠಮಧುವಿನ ಸಿಹಿ ಕೆಟ್ಟುಹೋಯಿತು.

"ಮೊಣಕಾಲು ಹಿಡದಾವ ಅಂದಾ. ಎಳ್ಳೆಣ್ಣ್ಯಾಗ ಕುದಿಸಿ ತಿಕ್ಕೊಳ್ಳಾಕ ಕೊಟ್ಟೆ, ರಂಜಾನಿಗಿಂತ ಮೊದಲ. ಮೈಮ್ಯಾಲೆ ತಿಕ್ಕಿದ್ರ ಔಷಧ, ಹೊಟ್ಟಿಗೆ ಹೋದ್ರ ಗೋರಿ. ಅಂವಗ ಅದು ನನಗಿಂತ ಚೊಲೊ ಗೊತ್ತೈತಿ. ಆದ್ರೂ ನಾ ಕೆಂಪು ಅರಿವ್ಯಾಗ ಕಟ್ಟೇ ಕೊಟ್ಟೀನಿ. ಇಸದ ಮಾಲು ನಮ್ಮಪ್ಪನ ಕಾಲದಿಂದ ಕೆಂಪು ಅರಿವ್ಯಾಗ. ಓದಾಕ ಬರಲಾರದವಂಗೂ ಕೆಂಪು ತಿಳೀತೈತಿ."

"ನಿನ್ನ ಕೂಡ ಯಾರರ ಪೊಲೀಸ್ರು ಮಾತಾಡ್ಯಾರೇನು?"

"ಇಲ್ಲ. ನಾ ಏನ್ ಮಾಡ್ಲಿ ಈಗ?"

"ಕೇಳೂತನಕ ಸುಮ್ಮನಿರು," ಎಂದ ಗದಿಗೆಪ್ಪ. ಹೇಳುವಾಗ ತನ್ನ ಬಗ್ಗೆಯೇ ಅವನಿಗೆ ಅಸಹ್ಯವಾಯಿತು.

ಬೆಟ್ಟ ಅಗೆದು ಇಲಿ ಹಿಡಿದಿದ್ದರೂ ಚಿಂತೆಯಿರಲಿಲ್ಲ, ಹಾವು ಹಿಡಿದು ಕೂತಿದ್ದ. ಐತ ನಿರಪರಾಧಿ ಎಂದು ತೋರಿಸಲು ಹೊರಟು, ವಿಷ ಐತನ ಮನೆಯದ್ದೇ ಎಂದು ಸಾಬೀತು ಮಾಡಿಕೊಂಡು ಬರುತ್ತಿದ್ದ. ಬಾಂದ್ರಾದಲ್ಲಿ ಹಾರ್ಬರ್ ಲೈನಿಗೆ ಬದಲಿಸುವಾಗ ಯಾರೋ ಅವನ ಬರಿಗಾಲು ತುಳಿದರು. ಬೈಯಲೂ ಮನಸ್ಸಾಗಲಿಲ್ಲ. ಮುದುಕನ ಮಗಳು ಅಪ್ಪಿಗೆ ಏನು ಹೇಳುವುದು? ಅಪ್ಪನನ್ನು ಬಿಡಿಸಿ ಕೊಡಿ ಎಂದು ಅವನ ಖೋಲಿಗೆ ಬಂದವಳು ಅವಳೇ. ಸತ್ತ ಕೊರಗನನ್ನು ಮದುವೆಯಾಗಬೇಕಾಗಿದ್ದವಳೂ ಅವಳೇ.

ಪೊಲೀಸರಿಗೆ ಅದೇ ಸಾಕಾಗಿತ್ತು. ಮದುವೆಯ ಮಾತು ಎತ್ತಿದ ದಿನ ಐತ ಹೋಟೆಲಿನ ತುಂಬ ಗಿರಾಕಿಗಳಿರುವಾಗ, "ನನ್ನ ಹೆಣದ ಮೇಲೆ ಮದುವೆ ಆಗು" ಎಂದು ಕೊರಗನ ಕೊರಳಪಟ್ಟಿ ಹಿಡಿದಿದ್ದ. ಮರ ಬಲ್ಲವನು, ವಿಷ ಬಲ್ಲವನು, ಜಗಳವಾಡಿದವನು. ಅಂಥವನು ತಾನೇ ಒಪ್ಪಿಕೊಂಡರೆ ನೇಣಿನ ಹಗ್ಗವನ್ನು ಕೈಯಾರೆ ಹೊಸೆದುಕೊಟ್ಟ ಹಾಗೆ.

ಠಾಣೆಯ ಹವಾಲ್ದಾರ ಹಳೆಯ ಪರಿಚಯದ ಮೇಲೆ ಅರ್ಧ ತಾಸು ಕೊಟ್ಟ. ಹೊರಗಿನ ಬೆಂಚಿನ ಮೇಲೆ ಅಪ್ಪಿ ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಫ್ಲಾಸ್ಕು ಹಿಡಿದ ದೂಜ, ಊಟದ ಗದ್ದಲ ಮುಗಿಸಿ ಅವಳ ಜೊತೆಗೆ ಬಂದಿದ್ದ. ಗದಿಗೆಪ್ಪ ಇಬ್ಬರಿಗೂ ತಲೆಯಾಡಿಸಿ ಒಳಗೆ ಹೋದ.

ಐತ ಗೋಡೆಗೊರಗಿ, ಬಾತ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ನೀವು ಮತ್ತೆ ಬಂದದ್ದು ಯಾಕೆ ಮಾರಾಯ್ರೆ? ನಾನು ಹೇಳುದು ಹೇಳಿ ಆಯ್ತು. ನಾನೇ ಕೊಟ್ಟದ್ದು. ಬರ್ಕೊಳ್ಳಿ."

"ಬರ್ಕೊಳ್ಳಾಕ ನಾ ಪೊಲೀಸ ಅಲ್ಲ. ಹೆಂಗ ಕೊಟ್ರಿ, ಅದನ್ನರ ಹೇಳ್ರಿ."

"ಹಾಲೆಯ ಒಟ್ಟಿಗೆ ಕಾಸರಕವೂ ಕೆತ್ತಿ ತಂದೆ. ಅವನ ಪಾಲಿಗೆ ಅದನ್ನು ಇಟ್ಟೆ. ಆಯ್ತಲ್ಲ."

"ಎಲ್ಲಿ ಕೆತ್ತಿದ್ರಿ? ಮುಂಜಾನಿಂದ ನಾ ಆ ಕಾಡು ಅಳದು ಬಂದೀನಿ. ಒಂದ ಚಪ್ಪಲಿ ಅಲ್ಲೇ ಬಿಟ್ಟೀನಿ. ಒಂದು ಕಾಸರಕ ಇಲ್ಲ."

ಗದಿಗೆಪ್ಪ ಬೆಂಕಿಪೊಟ್ಟಣ ಬಿಚ್ಚಿ, ಎರಡೂ ತುಂಡನ್ನು ಸರಳುಗಳ ನಡುವೆ ನೆಲದ ಮೇಲಿಟ್ಟ.

"ಇದು ನೀವು ತಂದದ್ದು. ಇದು ಕೊರಗನ ಹೊಟ್ಟಿಗೆ ಹೋದದ್ದು. ಅಂಚು ನೋಡ್ರಿ, ಐತಣ್ಣ."

ಮುದುಕ ನೋಡಿದ. ಅವನ ಕಸುಬಿನ ಕಣ್ಣು ಅವನ ಹಟಕ್ಕಿಂತ ಚುರುಕಾಗಿತ್ತು.

"ಇದು ಕತ್ತಿ ತಾಗಿದ್ದು," ಎಂದುಬಿಟ್ಟ.

"ನೀವು ಕತ್ತಿ ಒಯ್ದಿರಲಿಲ್ಲೇನು?"

"ಹಾಲೆಗೆ ಯಾರಾದ್ರೂ ಕಬ್ಬಿಣ ತಾಗಿಸ್ತಾರಾ? ಕಲ್ಲಿನಿಂದ ಜಜ್ಜಿಯೇ ತೆಗೀಬೇಕು. ಕಬ್ಬಿಣ ತಾಗಿದ್ರೆ ಮದ್ದಿನ ಗುಣ ಹೋಗ್ತದೆ. ಅದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತುಂಟು."

ಗದಿಗೆಪ್ಪನಿಗೆ ಎಲ್ಲೋ ಏನೋ ಚುಚ್ಚಿದ ಹಾಗಾಯಿತು. ಏನೆಂದು ತಿಳಿಯುವಷ್ಟು ಪುರುಸೊತ್ತು ಇರಲಿಲ್ಲ. ಹವಾಲ್ದಾರ ಆಗಲೇ ಒಮ್ಮೆ ಇಣುಕಿ ಗಡಿಯಾರ ತೋರಿಸಿ ಹೋಗಿದ್ದ.

"ಹಂಗಾದ್ರ ಈ ಎರಡನೇದು ಕಾಡಿಂದು ಅಲ್ಲ. ಮಕ್ತುಮಸಾಬನ ಅಂಗಡೀದು. ಕೆಂಪು ಅರಿವ್ಯಾಗ ಕಟ್ಟಿ, ನಿಮ್ಮ ಮೊಣಕಾಲಿಗೆ ಅಂತ ಕೊಟ್ಟದ್ದು. ಹೌದಿಲ್ಲೋ?"

ಮುದುಕನ ಮುಖ ಬೂದಿಯಾಯಿತು.

"ಅವರನ್ನು ಯಾಕೆ ಕೇಳ್ಲಿಕ್ಕೆ ಹೋದ್ರಿ ನೀವು?" ಎಂದ. "ಯಾರು ಹೇಳಿದ್ದು ನಿಮಗೆ ಹೋಗ್ಲಿಕ್ಕೆ?"

"ನಿಮ್ಮ ಮಗಳು ಹೇಳ್ಯಾಳ. ನಮ್ಮಪ್ಪನ್ನ ಬಿಡಿಸಿ ಕೊಡ್ರಿ ಅಂತ ಕಾಲು ಹಿಡದಾಳ. ನಾ ನಿಮ್ಮ ಸಲುವಾಗಿ ಕೆಸರಾಗ ಬೀಳಾಕತ್ತೀನಿ, ನೀವು ನನ್ನ ಕಾಲ ಹಿಡಿದು ಜಗ್ಗಾಕತ್ತೀರಿ. ಕೊಂದಿದ್ರ ಕೊಂದೀನಿ ಅನ್ರಿ, ನಾ ಮನಿಗೆ ಹೋಗ್ತೀನಿ. ಸುಳ್ಳರ ನೆಟ್ಟಗ ಹೇಳಾಕ ಬರಂಗಿಲ್ಲಲ್ಲ ನಿಮಗ."

ಅಷ್ಟು ಹೇಳುವಷ್ಟರಲ್ಲಿ ಕೆಮ್ಮು ಹತ್ತಿಕೊಂಡಿತು. ಅವನು ಬಗ್ಗಿ ಕೆಮ್ಮುವುದನ್ನು ಐತ ನೋಡುತ್ತ ಕೂತ. ತನ್ನ ತಂಬಿಗೆಯ ನೀರನ್ನು ಸರಳಿನೊಳಗಿಂದ ದೂಡಿದ.

"ಕರಿಮೆಣಸು ಅಗೀರಿ," ಎಂದ ಮೆಲ್ಲಗೆ. ಆಮೇಲೆ, ಅದೇ ದನಿಯಲ್ಲಿ, "ಅವಳಿಗೆ ಹೇಳುದಿಲ್ಲ ಅಂತ ಆಣೆ ಹಾಕಿ," ಎಂದ.

"ಏನನ್ನ?"

"ಮೊದಲು ಆಣೆ."

ಗದಿಗೆಪ್ಪ ಆಣೆ ಹಾಕಿದ. ಹಾಕದೆ ಬೇರೆ ದಾರಿಯಿರಲಿಲ್ಲ.

"ಆ ದಿನ ನಾನು ಎಂಟು ಜನರಿಗೆ ಅರೆದು ಕೊಟ್ಟು, ಮಾಟುಂಗದ ಹೋಟೆಲುಗಳಿಗೆ ತೊಗಟೆ ಹಂಚ್ಲಿಕ್ಕೆ ಹೋದದ್ದು. ಒಂದು ತುಂಡೂ ನಮ್ಮ ಹೋಟೆಲಿನಲ್ಲಿ ಬಿಡ್ಲಿಲ್ಲ. ಬರುವಾಗ ಕೊರಗ ನೆಲದ ಮೇಲೆ ಬಿಲ್ಲಿನ ಹಾಗೆ ಬಗ್ಗಿದ್ದ. ಅರೆಯುವ ಕಲ್ಲಿನ ಹತ್ತಿರ ಈ ತುಂಡು ಕಂಡೆ. ಮನೆಗೆ ಓಡಿದೆ. ಅಟ್ಟದಲ್ಲಿ ನನ್ನ ಕೆಂಪು ಗಂಟು ಇರ್ಲಿಲ್ಲ."

"ಉಳಿದ ತೊಗಟೆ ನಾನೇ ಅರೆದು ಕೊಟ್ಟೆ" ಎಂದು ಅಪ್ಪಿ ಮೊದಲ ದಿನವೇ ಹೇಳಿದ್ದಳು. ಪೊಲೀಸರಿಗೂ ಹೇಳಿದ್ದಳು. ಐತ ಹೋಟೆಲಿನಲ್ಲೇ ಬಿಟ್ಟುಹೋದದ್ದು ಎಂದು ಎಲ್ಲರೂ ತಿಳಿದರು. ಎಲ್ಲಿ ಉಳಿದದ್ದು ಎಂದು ಒಬ್ಬನೂ ಕೇಳಿರಲಿಲ್ಲ. ಹದಿನೆಂಟು ವರ್ಷ ಪೊಲೀಸಿನಲ್ಲಿದ್ದ ತಾನೂ ಕೇಳಿರಲಿಲ್ಲ.

"ಅವಳು ಹುಟ್ಟಿದ್ದು ಇಲ್ಲಿ, ಬೆಳೆದದ್ದು ಇಲ್ಲಿ," ಐತ ಹೇಳುತ್ತಿದ್ದ. "ಹಾಲೆ ಯಾವುದು, ಕಾಸರಕ ಯಾವುದು, ಅವಳಿಗೆ ಎಲ್ಲ ತೊಗಟೆಯೂ ಒಂದೇ. ಕೆಂಪು ಬಟ್ಟೆಯ ಅರ್ಥವೂ ಗೊತ್ತಿಲ್ಲ, ನಾನು ಹೇಳಿ ಕೊಟ್ಟಿಲ್ಲ. ಅಪ್ಪ ಉಳಿಸಿ ಇಟ್ಟದ್ದು ಅಂತ ಅಟ್ಟದಿಂದ ತೆಗೆದು, ಅವನಿಗೆ ಅಮಾಸೆ ತಪ್ಪಬಾರದು ಅಂತ ಪ್ರೀತಿಯಲ್ಲಿ ಅರೆದು ಕೊಟ್ಟಿದ್ದಾಳೆ. ಈಗ ಅವಳ ತಲೆಯಲ್ಲಿ, ಅಪ್ಪ ತಂದ ತೊಗಟೆಯಲ್ಲಿ ಏನೋ ಬೆರೆತಿತ್ತು ಅಂತ ಉಂಟು. ಹಾಗೇ ಇರ್ಲಿ. ಅವಳು ನನ್ನನ್ನು ಬೇಕಾದ್ರೆ ದ್ವೇಷ ಮಾಡ್ಲಿ. ತನ್ನ ಕೈಯನ್ನು ನೋಡಿ ಹೇಸಬಾರದು."

"ಗಲ್ಲಿಗೆ ಹಾಕ್ತಾರ, ಐತಣ್ಣ."

"ಮೊಣಕಾಲು ಹೋಗಿದೆ. ಇನ್ನೆಷ್ಟು ವರ್ಷ ಕಾಡು ಹತ್ತಲಿ ನಾನು?"

ಗದಿಗೆಪ್ಪನಿಗೆ ಅಳು ಬಂತೋ ಸಿಟ್ಟು ಬಂತೋ. ಎರಡೂ ಬಂದವು. ಸರಳನ್ನು ಒದ್ದ, ಬರಿಗಾಲೆಂಬುದು ಆಮೇಲೆ ನೆನಪಾಯಿತು. ಹವಾಲ್ದಾರ ಬಂದು ಟೈಮ್ ಆಯಿತು ಎಂದ.

ಹೊರಗೆ ಮಳೆ ನಿಂತಿತ್ತು. ಅಪ್ಪಿ ಎದ್ದು ನಿಂತಳು. ದೂಜ ಬೀದಿಯ ಆಚೆ ಪಾನ್ ಗೂಡಿನ ಹತ್ತಿರವಿದ್ದ.

"ಅಂಕಲ್, ಪಪ್ಪಾ ಏನು ಹೇಳಿದ್ರು? ಕೆಲಸ ಆಗ್ತದಲ್ಲ?"

ಇಪ್ಪತ್ತರ ಹುಡುಗಿ. ನಾಲ್ಕು ದಿನದಿಂದ ನೆಟ್ಟಗೆ ಉಂಡಿರಲಿಲ್ಲ. ಆಣೆ ಹಾಕಿದ್ದೇನೋ ಹಾಕಿದ್ದ. ಆದರೆ ಪತ್ತೇದಾರನ ನಾಲಿಗೆ, ಕೇಳದೆ ಇರಲಾರದು. ಆದಷ್ಟು ಹಗುರವಾಗಿ ಕೇಳಿದ.

"ಏನಿಲ್ಲ ಯವ್ವಾ. ಆ ಉಳಿದ ತೊಗಟಿ ಅಂದಿಯಲ್ಲ, ನೀನು ಅಟ್ಟದಿಂದ ಇಳಸಿದಾಗ ಅದರ ಅರಿವಿ ಎಲ್ಲಿಟ್ಟಿ?"

"ಅರಿವಿ ಮತ್ಲಬ್?"

"ಬಟ್ಟಿ. ಕಟ್ಟಿದ ಬಟ್ಟಿ."

"ಬಟ್ಟೆ ಗಿಟ್ಟೆ ಇರ್ಲಿಲ್ಲ ಅಂಕಲ್. ಮತ್ತೆ ಅಟ್ಟಕ್ಕೆ ನನ್ನ ಕೈ ಕುಠೇ, ಎಲ್ಲಿ ಎಟಕ್ತದೆ? ದೂಜಣ್ಣ ತೆಗೆದು ಕೊಟ್ಟದ್ದು. ಪಪ್ಪಾ ಸ್ವಲ್ಪ ತೊಗಟೆ ಮನೆಯಲ್ಲಿ ಇಟ್ಟಿದ್ದಾರೆ ಅಂತ ಅವರೇ ಹೇಳಿದ್ರು, ಒಟ್ಟಿಗೆ ಬಂದ್ರು, ಸ್ಟೂಲ್ ಮೇಲೆ ಹತ್ತಿ ತೆಗೆದು ನನ್ನ ಕೈಯಲ್ಲಿ ಹಾಗೇ ಬಿಡಿ ಬಿಡಿ ಕೊಟ್ರು."

ಗದಿಗೆಪ್ಪ ಮರದ ಗಾಯವನ್ನು ನೆನೆದ. ಕತ್ತಿಯಲ್ಲಿ ಕೆತ್ತಿದ ಗಾಯ, ಎಂದಿದ್ದ ದೂಜ. ತುಳುನಾಡಿನ ಸಣ್ಣ ಮಕ್ಕಳಿಗೂ ಗೊತ್ತಿದ್ದ ಮಾತು ಅವನಿಗೆ ಮಾತ್ರ ಮರೆತಿತ್ತು; ಅವನ ತಲೆಯಲ್ಲಿ ಇದ್ದದ್ದು ಅಟ್ಟದಿಂದ ತಾನೇ ಇಳಿಸಿದ, ಕತ್ತಿಯಲ್ಲಿ ಕೊಯ್ದ ತೊಗಟೆ.

"ಕೊರಗ ಆ ದಿನ ತಡಾ ಯಾಕ ಬಂದ?"

"ಹಾಲಿನ ವ್ಯಾನ್ ಬರ್ಲಿಲ್ಲ ಅಂತ ದೂಜಣ್ಣ ಸೆಂಟರಿಗೆ ಕಳಿಸಿದ್ರು. ಯಾಕೆ ಅಂಕಲ್?"

"ಏನಿಲ್ಲ. ಹೋಗು, ಡಬ್ಬಿ ಕೊಟ್ಟು ಬಾ. ತಣ್ಣಗಾಗ್ತೈತಿ."

ಅವಳು ಒಳಗೆ ಹೋದಳು. ಗದಿಗೆಪ್ಪ ಬೆಂಚಿನ ಮೇಲೆ ಕೂತ. ಐತನನ್ನು ಉಳಿಸಬಲ್ಲ ಸಾಕ್ಷಿ ಈ ಮುಂಬಯಿಯಲ್ಲಿ ಒಂದೇ ಒಂದು, ಅದು ಅಪ್ಪಿ. ಅವಳು ಸಾಕ್ಷಿ ಹೇಳಬೇಕೆಂದರೆ ತಾನು ಅರೆದದ್ದು ಏನೆಂದು ಮೊದಲು ಅವಳಿಗೆ ತಿಳಿಯಬೇಕು. ಯಾವುದನ್ನು ಮುಚ್ಚಿಡಲು ಮುದುಕ ಸಾಯಲು ಹೊರಟಿದ್ದನೋ, ಅದನ್ನೇ ಬಿಚ್ಚಿ ಹೇಳದಿದ್ದರೆ ಮುದುಕ ಬದುಕುವುದಿಲ್ಲ. ನಾಳೆ ಹನ್ನೊಂದಕ್ಕೆ ಇನ್ನು ಹದಿನೆಂಟು ತಾಸು.

ದೂಜ ಬೀದಿ ದಾಟಿ ಬಂದ. ಪಕ್ಕದಲ್ಲಿ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ.

"ಕೆಮ್ಮು ಕಮ್ಮಿ ಆಗ್ಲಿಲ್ಲ ಅಲ್ವಾ? ತಕೊಳ್ಳಿ, ಬಿಸಿ ಉಂಟು."

"ಬ್ಯಾಡ."

"ಕಾಂದಿವಲಿಯಲ್ಲಿ ಇಳಿದದ್ದು ಕಂಡೆ," ದೂಜ ಮೆಲ್ಲಗೆ ಹೇಳಿದ. "ಅದೇ ಲೋಕಲಿನಲ್ಲಿ ನಿಮ್ಮ ಹಿಂದಿನ ಡಬ್ಬಿಯಲ್ಲೇ ನಾನಿದ್ದದ್ದು. ಸಾಬರು ಕೆಂಪು ಬಟ್ಟೆಯ ವಿಷಯ ಹೇಳಿರ್ಬೇಕು."

ಗದಿಗೆಪ್ಪ ಅವನತ್ತ ತಿರುಗಿದ. ಅದೇ ಒಳ್ಳೆಯ ಮುಖ. ಮುಚ್ಚಳದ ತುಂಬ ಕಷಾಯ ಬಗ್ಗಿಸಿದ, ಒಂದು ಹನಿಯೂ ಚೆಲ್ಲಲಿಲ್ಲ.

"ಆ ದಿನ ಅಪ್ಪಿಯ ಒಟ್ಟಿಗೆ ನಾನು ಮನೆಗೆ ಹೋದದ್ದು ಹೌದು. ಬಾಗಿಲ ಹೊರಗೆ ನಿಂತಿದ್ದೆ. ಕೆಂಪು ಗಂಟನ್ನು ಅವಳೇ ಬಿಚ್ಚಿದ್ದು, ನನ್ನ ಕಣ್ಣಾರೆ ಕಂಡಿದ್ದೇನೆ. ಪೊಲೀಸರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಪಾಪ, ಹುಡುಗಿಯಲ್ವಾ. ಇನ್ನು ಮುಂದೆ ಅವಳಿಗೆ ನಾನೇ ದಿಕ್ಕು." ಒಂದು ಗುಟುಕು ತಾನೇ ಕುಡಿದ. "ಈಗ ನೀವು ಹೇಳಿ ಸಾಯ್ಬ್ರೆ. ನಾಳೆ ಕೋರ್ಟಿನಲ್ಲಿ ಐತಣ್ಣ ಹೇಳುದೇ ಸಾಕಾ, ಇಲ್ಲ ನಾನೂ ಬಂದು ಹೇಳ್ಬೇಕಾ?"

ಠಾಣೆಯ ಬಾಗಿಲು ತೆರೆಯಿತು. ಖಾಲಿ ಡಬ್ಬಿ ಹಿಡಿದುಕೊಂಡು ಅಪ್ಪಿ ಮೆಟ್ಟಿಲಿಳಿದು ಬಂದಳು. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಸಣ್ಣ ಗೆಲವಿತ್ತು.

"ಪಪ್ಪಾ ಪೂರಾ ಉಂಡ್ರು," ಎಂದಳು. "ಅಂಕಲ್, ನಾಳೆ ನಾನು ಕೋರ್ಟಿಗೆ ಬರ್ಲಾ? ನನಗೆ ಗೊತ್ತಿದ್ದದ್ದೆಲ್ಲ ಜಡ್ಜ್ ಸಾಹೇಬರಿಗೆ ಹೇಳಿದ್ರೆ ಪಪ್ಪಾನನ್ನು ಬಿಡ್ತಾರಲ್ಲ?"